ಹದಿಮೂರನೇ ತಾರೀಖಿನ ಅಲೆ

ಬಣಕಲ್
೩ ಡಿಸೆಂಬರ್ ೨೦೨೪

ರೂಪಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಲೆಗೆ ಹಾಕುವ ಮುಂಚೆ ಒಂದು ಪುಟವನ್ನಾದರೂ ಓದು. ಫೋನ್ ಮಾಡೋಣವೆಂದರೆ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಎರಡೂವರೆ ವರ್ಷವಾಯಿತು, ಮೇಲ್ ಕಳಿಸಿದರೆ ಉತ್ತರವಿಲ್ಲ. ವಿಳಾಸ ಕೊಟ್ಟವರು ಅಬ್ಬಾ. ಹೋದ ತಿಂಗಳು ನಿಮ್ಮ ತೋಟದಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ರಿಪೇರಿಗೆಂದು ಮಲ್ಲಂದೂರಿಗೆ ಬಂದಿದ್ದರಂತಲ್ಲ. ಕಾಲೇಜಿನಲ್ಲಿ ನಿನ್ನ ಜೊತೆಗಿದ್ದ ಹುಡುಗಿ ಈಗ ಅಲ್ಲಿ ಪಲ್ಪ್‌ಹೌಸ್ ನೋಡಿಕೊಳ್ಳುತ್ತಿದ್ದಾಳೆ, ಕಾಫಿ ಕೊಟ್ಟಳು, ನಿನ್ನ ವಿಷಯ ಕೇಳಲಿಲ್ಲ ಎಂದರು. ಕೇಳಲಿಲ್ಲ ಎಂಬುದನ್ನು ಎರಡು ಸಲ ಹೇಳಿದರು.

ಸುತ್ತಿ ಬಳಸುವುದಿಲ್ಲ. ನಮ್ಮ ಪೇಪರ್ ತಪ್ಪು. ನೀನು ಅಂದು ಹೇಳಿದ್ದೇ ಸರಿ.

ಸೆಪ್ಟೆಂಬರ್‌ನಲ್ಲಿ ಹೊರದೇಶದ ಒಂದು ಪ್ರಯೋಗಶಾಲೆಯವರು ನಮ್ಮ ಗೈಡ್ ಬಸವರಾಜಪ್ಪ ಸರ್‌ಗೆ ಬರೆದರು. ಪೇಪರಿನಲ್ಲಿ ಹೇಳಿದಂತೆಯೇ ಎಲ್ಲ ಮಾಡಿದ್ದಾರೆ. ನಿಂತ ಸಾಲಿಟಾನ್ ಅಲೆ ಸರಿಯಾಗಿ ಬಂದಿದೆ. ಅದನ್ನು ಓಡಿಸಿದಾಗ ಮಾತ್ರ ಸ್ವಲ್ಪ ದೂರ ಹೋಗಿ ಚೂರಾಗಿದೆ. ಹತ್ತು ಸಲ ಮಾಡಿದರೂ ಹಾಗೇ ಆಯಿತಂತೆ. ಅವರು ಕಳಿಸಿದ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಎರಡೂವರೆ ವರ್ಷದ ಹಿಂದೆ ನೀನು ಮೀಟಿಂಗಿನಲ್ಲಿ ತೋರಿಸಿದ ಚಿತ್ರವೇ ಅದು.

ಅಮ್ಮಿಗೆ ಮಂಡಿ ಆಪರೇಷನ್ ಆಗಿದೆ. ಹಾಗಾಗಿ ಊರಿಗೆ ಬಂದು ಅಬ್ಬಾನ ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ ಥೀಸಿಸ್ ಬರೆಯುತ್ತಿದ್ದೇನೆ. ನಾನು ಊಟ ಬಿಟ್ಟದ್ದು ನೋಡಿ ಅಬ್ಬಾ ಏನಾಯಿತೆಂದು ಬಿಡಿಸಿ ಕೇಳಿದರು. ಅವರಿಗೆ ಅರ್ಥವಾಗುವ ಹಾಗೆ ಹೇಳಲು ಒಂದು ಸಂಜೆ ಹಿಡಿಯಿತು. ಇನ್ನು ತಣ್ಣಗಾಗಲು ಜಾಗವೇ ಇಲ್ಲ ಎನ್ನುವಷ್ಟು ತಣಿಸಿದ ಅನಿಲದಲ್ಲಿ ಲಕ್ಷಾಂತರ ಪರಮಾಣುಗಳು ಒಂದೇ ಮೈಯಾಗಿ ನಡೆದುಕೊಳ್ಳುತ್ತವೆ ಎಂದೆ. ಆ ಮೈಯಲ್ಲಿ ಏಳುವ ಒಂದು ಒಂಟಿ ಅಲೆ, ಬೇರೆ ಅಲೆಗಳ ಹಾಗೆ ಹರಡಿ ಮಾಯವಾಗದೆ ಆಕಾರ ಉಳಿಸಿಕೊಂಡೇ ಸಾಗುವುದು ಸಾಲಿಟಾನ್ ಎಂದೆ. ನಾವು ಅದರ ಮೇಲೆ ಎರಡು ಲೇಸರ್ ಹಾಯಿಸಿ, ಪರಮಾಣುವಿನ ಸ್ಪಿನ್ ಎಂಬ ಒಳಗುಣವನ್ನು ಅದರ ಓಟಕ್ಕೇ ಕಟ್ಟಿಹಾಕುತ್ತೇವೆ, ಸ್ಪಿನ್-ಆರ್ಬಿಟ್ ಜೋಡಣೆ ಅಂದರೆ ಇಷ್ಟೇ ಎಂದೆ. ಮಾಮೂಲಿ ಅನಿಲದಲ್ಲಿ ನಿಂತ ಅಲೆಗೆ ಒಂದು ತಳ್ಳು ಕೊಟ್ಟರೆ ಅದೇ ರೂಪದಲ್ಲಿ ಓಡುತ್ತದೆ. ಲೇಸರ್‌ಗಳು ಮೇಜಿಗೆ ಕಚ್ಚಿಕೊಂಡು ನಿಂತಿರುವ ಕಡೆ ಹಾಗಲ್ಲ. ಅಲ್ಲಿ ಅನಿಲಕ್ಕೆ ತಾನು ಓಡುತ್ತಿರುವುದು ತಿಳಿಯುತ್ತದೆ, ಅಲೆಯ ಆಕಾರವೇ ಬದಲಾಗುತ್ತದೆ. ಪುಸ್ತಕದ ಮೊದಲ ಅಧ್ಯಾಯದಲ್ಲೇ ಇರುವ ಮಾತು. ನಾನು ಲೆಕ್ಕ ಹಾಕಿದ ಕಡೆ ಆ ಪರಿಣಾಮ ತೀರ ದುರ್ಬಲ, ಬಿಟ್ಟರೆ ನಡೆಯುತ್ತದೆ ಎಂದುಕೊಂಡು ನಿಂತ ಅಲೆಯನ್ನೇ ತಳ್ಳಿ, ಎಷ್ಟು ವೇಗಕ್ಕೂ ಉಳಿಯುತ್ತದೆ ಎಂದು ಬರೆದುಬಿಟ್ಟೆ.

ಅಬ್ಬಾ ಸ್ಪ್ಯಾನರ್ ಒರೆಸುತ್ತ ಕೇಳಿದ್ದು ಒಂದೇ ಪ್ರಶ್ನೆ. 'ನಿಲ್ಸಿಟ್ಟು ಇಂಜಿನ್ ಕೇಳಿ ಗಾಡಿ ಕೊಟ್ಬಿಟ್ಯಾ? ಟ್ರಯಲ್ ಹೊಡೀಲಿಲ್ವಾ?'

ಅವರು ಯಾವ ಜೀಪನ್ನೂ ಹಾಗೆ ಕೊಟ್ಟವರಲ್ಲ. ಕೊಟ್ಟಿಗೆಹಾರದವರೆಗೆ ಏರಿಸಿ ಇಳಿಸಿ ತಂದ ಮೇಲೆಯೇ ಮಾಲೀಕರ ಕೈಗೆ ಕೀ. ನಮ್ಮಲ್ಲಿ ಟ್ರಯಲ್ ಹೊಡೆದವಳು ನೀನು. ಆಗ ನನಗೆ ಅದು ತಿಳಿಯಲಿಲ್ಲ.

ಜೂನ್‌ನಲ್ಲಿ ಥೀಸಿಸ್ ಕೊಡಬೇಕು. ಮೂರನೇ ಅಧ್ಯಾಯ ಪೂರ್ತಿ ಈ ಪೇಪರೇ. ತಿದ್ದುಪಡಿ ಪ್ರಕಟಿಸಬೇಕು, ಅದರಲ್ಲಿ ನಿನ್ನ ಹೆಸರು ಬರಬೇಕು ಎಂದು ನನ್ನ ಆಸೆ. ನೀನು ಏನು ಹೇಳುತ್ತೀಯೋ ಬರಿ.

ಬುಷ್ರಾ


ಮಲ್ಲಂದೂರು
೧೯ ಡಿಸೆಂಬರ್ ೨೦೨೪

ಬುಷ್ರಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡಬೇಕಂತೆ. ಮಾಡುವುದಿಲ್ಲ.

ನಿನ್ನ ಕಾಗದ ಬಂದಾಗ ನಾನು ಪಲ್ಪ್‌ಹೌಸಿನಲ್ಲಿದ್ದೆ. ಹಣ್ಣು ಕುಯ್ಯುವ ಕಾಲ, ಬೆಳಗ್ಗೆ ಆರಕ್ಕೆ ಹೋದರೆ ಊಟಕ್ಕೆ ಬರುವುದೂ ನಿಶ್ಚಯವಿಲ್ಲ. ಅಮ್ಮ ಒಡೆದು ಓದಿದ್ದಾಳೆ. ನನ್ನ ಕಾಗದ ಯಾಕೆ ಓದಿದೆ ಎಂದು ರೇಗಿದೆ. ನನ್ನಮ್ಮ ಶಂಕರಮ್ಮ ಅಂಥದ್ದಕ್ಕೆಲ್ಲ ಬಗ್ಗುವ ಹೆಂಗಸಲ್ಲ. ಎರಡು ಸಲ ಓದಿ ಮಡಿಸಿಟ್ಟು, 'ಹಾಗಾರೆ ನೀ ತಪ್ ಮಾಡಿರ್ಲಿಲ್ವ?' ಎಂದಳು. ಮಗಳಿಗೆ ಮೈ ಹುಷಾರಿಲ್ಲದೆ ಓದು ಬಿಟ್ಟು ಬಂದಳು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನನ್ನ ಲೆಕ್ಕ ತಪ್ಪಾಯಿತು ಎನ್ನುವುದಕ್ಕಿಂತ ಕಾಯಿಲೆ ಎನ್ನುವುದು ಅವಳಿಗೆ ಮರ್ಯಾದೆಯಾಗಿ ಕಂಡಿತ್ತು.

ನಮ್ಮ ಪೇಪರ್ ಎಂದು ಬರೆದಿದ್ದೀಯ. ನಮ್ಮದಲ್ಲ, ನಿಮ್ಮದು. ನನ್ನ ಹೆಸರನ್ನು ತೆಗೆದಿರಿ, ಮರೆತೆಯಾ?

ನೀನು ಮರೆತಿರಬಹುದು, ನಾನು ಮರೆತಿಲ್ಲ. ೨೦೨೨ರ ಮಾರ್ಚ್ ಹದಿನಾಲ್ಕು, ಸೋಮವಾರ, ಹನ್ನೊಂದು ಗಂಟೆ. ನಾನು ಬೇರೆಯೇ ಬರೆದ ಪ್ರೋಗ್ರಾಮಿನಲ್ಲಿ ಅಲೆಯನ್ನು ಓಡಿಸಿ ತೋರಿಸಿದೆ. ಒಂದು ವೇಗ ದಾಟಿದ ಮೇಲೆ ಅದು ಒಡೆಯುತ್ತಿತ್ತು. ಬಸವರಾಜಪ್ಪ ಸರ್ ಕನ್ನಡಕ ತೆಗೆದು, 'ಮುರಿದದ್ದು ಅಲೆ ಅಲ್ಲಮ್ಮ, ನಿಮ್ಮ ಲೆಕ್ಕ' ಎಂದರು. ಎಲ್ಲರೂ ನಕ್ಕರು. ನಾನು ನಿನ್ನ ಕಡೆ ನೋಡಿದೆ. ನಾವಿಬ್ಬರೂ ಚಿಕ್ಕಮಗಳೂರಿನ ಕಾಲೇಜಿನಿಂದ ಒಂದೇ ಬೆಂಚಿನಲ್ಲಿ ಕೂತು ಬಂದವರು, ನನ್ನ ಲೆಕ್ಕ ಎಂಥದ್ದೆಂದು ನಿನಗೆ ಗೊತ್ತಿತ್ತು. ನೀನು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದೆ. ತಲೆ ಎತ್ತಲಿಲ್ಲ. ಎರಡು ತಿಂಗಳಿಗೆ ನಾನು ಗಂಟುಮೂಟೆ ಕಟ್ಟಿದೆ.

ಏನು ಹೇಳುತ್ತೀಯೋ ಬರಿ ಎಂದಿದ್ದೀಯ. ಒಂದು ಪ್ರಶ್ನೆಗೆ ಉತ್ತರ ಬೇಕು. ನಾವೆಲ್ಲ ಬಳಸುತ್ತಿದ್ದ ದೊಡ್ಡ ಕಂಪ್ಯೂಟರಿನಲ್ಲಿ ಯಾರು ಯಾವಾಗ ಏನು ಓಡಿಸಿದರು ಎಂಬ ಪಟ್ಟಿ ಇರುತ್ತಿತ್ತಲ್ಲ, ಸಂಸ್ಥೆ ಬಿಡುವ ದಿನ ನನ್ನ ಫೈಲುಗಳನ್ನು ತೆಗೆದುಕೊಳ್ಳುವಾಗ ಅದನ್ನು ನೋಡಿದೆ. ಮೀಟಿಂಗಿನ ಹಿಂದಿನ ದಿನ, ಭಾನುವಾರ ಹದಿಮೂರನೇ ತಾರೀಖು ಮಧ್ಯಾಹ್ನ, ನಿನ್ನ ಹೆಸರಿನಲ್ಲಿ ನನ್ನ ಪ್ರೋಗ್ರಾಮು ನಲವತ್ತು ನಿಮಿಷ ಓಡಿದೆ. ನೀನು ನನಗೆ ಹೇಳಿರಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ.

ಅದರಲ್ಲಿ ನಿನಗೆ ಕಂಡದ್ದೇನು?

ರೂಪಶ್ರೀ


ಬಣಕಲ್
೮ ಜನವರಿ ೨೦೨೫

ರೂಪಾ,

ನಿನ್ನ ಕಾಗದ ಓದಿ ಎರಡು ದಿನ ಕೆಲಸ ಮಾಡಲಾಗಲಿಲ್ಲ. ಅಮ್ಮಿಯನ್ನು ಮೂಡಿಗೆರೆಗೆ ಕರೆದೊಯ್ದು ಮಂಡಿ ತೋರಿಸಿಕೊಂಡು ಬಂದೆ. ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ನಿನ್ನನ್ನು ಕೇಳಿದರು. ರೂಪಶ್ರೀ ಬಂದರೆ ಪತ್ರೊಡೆ ಮಾಡಿಸಿಕೊಂಡು ತಿನ್ನುತ್ತಿದ್ದಳು, ಈಗ ಯಾಕೆ ಬರುವುದಿಲ್ಲ ಎಂದರು. ಕೆಲಸ ಜಾಸ್ತಿ ಎಂದೆ.

ಒಳ್ಳೆಯ ಸುದ್ದಿ ಇದೆ. ಸರ್ ಜೊತೆ ಗಂಟೆಗಟ್ಟಲೆ ಫೋನಿನಲ್ಲಿ ಮಾತಾಡಿ ತಿದ್ದುಪಡಿಗೆ ಒಪ್ಪಿಸಿದ್ದೇನೆ. ಮೊದಮೊದಲು ಅವರು ಪ್ರಯೋಗದವರದ್ದೇ ತಪ್ಪಿರಬೇಕು ಎನ್ನುತ್ತಿದ್ದರು. ನಾನು ಓಡುವ ಅಲೆಯನ್ನು ಪ್ರತಿ ವೇಗಕ್ಕೂ ಹೊಸದಾಗಿ ಲೆಕ್ಕ ಹಾಕಿ ಕಳಿಸಿದ ಮೇಲೆ ಆ ಮಾತು ಬಿಟ್ಟರು. ಮರುದಿನ ಅವರೇ ಒಂದು ಕರಡು ಬರೆದು ಕಳಿಸಿದರು. 'ವೇಗದ ಅಲೆಯ ಕುರಿತ ನಮ್ಮ ಊಹೆಗೆ ಒಂದು ಮಿತಿ ಇರುವುದು ನಂತರ ಗಮನಕ್ಕೆ ಬಂದಿದೆ' ಎಂದು ಶುರುವಾಗುತ್ತದೆ. ಕೊನೆಯಲ್ಲಿ 'ಉಪಯುಕ್ತ ಚರ್ಚೆಗಾಗಿ ರೂಪಶ್ರೀ ಅವರಿಗೆ ಕೃತಜ್ಞತೆಗಳು' ಎಂದಿದೆ. ಕಮ್ಮಿಯಾಯಿತು ಎಂದು ನನಗೂ ಗೊತ್ತು. ಆದರೆ ಅವರು ಹೆಸರು ಹಾಕಲು ಒಪ್ಪಿದ್ದೇ ದೊಡ್ಡದು. ಮುಂದೆ ನಿಧಾನವಾಗಿ ಇನ್ನೊಂದು ಪೇಪರ್ ಇಬ್ಬರೂ ಸೇರಿ ಬರೆಯಬಹುದು. ನೀನು ಮನಸ್ಸು ಮಾಡಿದರೆ ಸಂಸ್ಥೆಯಲ್ಲಿ ನಿನ್ನ ಹಳೆಯ ರಿಜಿಸ್ಟ್ರೇಷನ್ ಮತ್ತೆ ತೆರೆಸುವ ದಾರಿಯೂ ಇದೆಯಂತೆ.

ಕರಡಿನ ಪ್ರತಿ ಜೊತೆಗಿಟ್ಟಿದ್ದೇನೆ. ಓದಿ ಹೇಳು. ಎರಡು ಬಸ್ಸು ಬದಲಿಸಿದರೆ ಮಲ್ಲಂದೂರು, ಬಾ ಎಂದರೆ ನಾಳೆಯೇ ಬರುತ್ತೇನೆ.

ನಿನ್ನ
ಬುಷ್ರಾ


ಮಲ್ಲಂದೂರು
೧೭ ಜನವರಿ ೨೦೨೫

ಬುಷ್ರಾ,

ಕರಡು ವಾಪಸ್ಸು ಕಳಿಸಿದ್ದೇನೆ. ಉಪಯುಕ್ತ ಚರ್ಚೆ ನಮ್ಮಿಬ್ಬರ ನಡುವೆ ಯಾವತ್ತೂ ಆಗಲಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. ಮೂರು ಪುಟದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ಉತ್ತರವಿದ್ದರೆ ಬರಿ, ಇಲ್ಲದಿದ್ದರೆ ಅಂಚೆಯವರಿಗೆ ಸುಮ್ಮನೆ ತೊಂದರೆ ಕೊಡಬೇಡ. ಬರುವುದಂತೂ ಬೇಡ.

ರೂಪಶ್ರೀ


ಬಣಕಲ್
೨ ಮಾರ್ಚ್ ೨೦೨೫

ರೂಪಾ,

ಆರು ವಾರದಲ್ಲಿ ಈ ಕಾಗದವನ್ನು ಎಷ್ಟು ಸಲ ಶುರುಮಾಡಿ ಹರಿದೆನೋ. ಇವತ್ತು ಹರಿಯುವುದಿಲ್ಲ.

ಹದಿಮೂರನೇ ತಾರೀಖು ನನಗೆ ಕಂಡದ್ದು ಒಡೆದ ಅಲೆ.

ಭಾನುವಾರ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ನೀನು ನಿನ್ನ ಪ್ರೋಗ್ರಾಮನ್ನು ಎಲ್ಲರಿಗೂ ಸಿಗುವ ಕಡೆ ಇಟ್ಟಿದ್ದೆ. ನಿನ್ನ ಲೆಕ್ಕದ ಗ್ರಿಡ್ ಒರಟು, ಬಿಂದುಗಳು ತೀರ ದೂರದೂರ ಎಂದು ಮರುದಿನ ಹೇಳಲು ಆಧಾರ ಬೇಕಿತ್ತು, ಅದಕ್ಕೇ ತೆಗೆದೆ. ಗ್ರಿಡ್ಡನ್ನು ನಾಲ್ಕು ಪಟ್ಟು ನುಣ್ಣಗೆ ಮಾಡಿ ಓಡಿಸಿದೆ. ನಿನ್ನದು ತಪ್ಪಾಗಿದ್ದರೆ ಅಲೆ ಉಳಿಯಬೇಕಿತ್ತು. ಉಳಿಯಲಿಲ್ಲ. ನೀನು ಹೇಳಿದ ವೇಗದಲ್ಲೇ, ನೀನು ಹೇಳಿದ ಹಾಗೇ ಒಡೆಯಿತು. ನಾನು ಪರದೆಯ ಮುಂದೆ ಕೂತೇ ಇದ್ದೆ. ಆಮೇಲೆ ಆ ಫಲಿತಾಂಶವನ್ನು ಅಳಿಸಿದೆ. ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ ಎಂದು ನನಗೆ ಹೊಳೆಯಲಿಲ್ಲ. ಆಗ ನನಗೆ ತಿಳಿಯಲಿಲ್ಲ ಎಂದು ಮೊದಲ ಕಾಗದದಲ್ಲಿ ಬರೆದೆನಲ್ಲ, ಅದು ಸುಳ್ಳು.

ಮಾರನೆಯ ದಿನ ಸರ್ ಹಾಗೆಂದಾಗ ನೀನು ನನ್ನ ಕಡೆ ನೋಡಿದ್ದು ನನಗೆ ಗೊತ್ತಾಯಿತು. ಪುಸ್ತಕದಲ್ಲಿ ನಾನು ಬರೆಯುತ್ತಿದ್ದದ್ದು ಏನೂ ಅಲ್ಲ, ನನ್ನ ಹೆಸರನ್ನೇ ಮತ್ತೆ ಮತ್ತೆ ಬರೆಯುತ್ತಿದ್ದೆ.

ಯಾಕೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಪೇಪರ್ ಆ ವಾರ ಹೋಗದಿದ್ದರೆ ಆ ವರ್ಷ ನನ್ನ ಫೆಲೋಶಿಪ್ ಮುಂದುವರಿಯುವುದಿಲ್ಲ ಎಂದು ಸರ್ ಹೇಳಿದ್ದರು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಅಣ್ಣ ಸೊಹೈಲ್ ಹನ್ನೆರಡನೇ ವಯಸ್ಸಿಗೇ ಅಬ್ಬಾನ ಜೊತೆ ಜೀಪಿನಡಿ ಮಲಗಿದವನು. ಹೆಣ್ಣುಮಗಳನ್ನು ಎಲ್ಲಿಯವರೆಗೆ ಓದಿಸ್ತೀಯ ಎಂದು ಕೇಳಿದವರಿಗೆಲ್ಲ ಅಬ್ಬಾ ಅವಳೇ ಸಾಕು ಎನ್ನುವವರೆಗೆ ಎಂದು ಉತ್ತರ ಕೊಟ್ಟವರು. ಅವರ ಮುಂದೆ ಸೋತು ಬಂದು ನಿಲ್ಲಲು ನನಗೆ ಮುಖವಿರಲಿಲ್ಲ.

ಇಷ್ಟೇ ಆಗಿದ್ದರೆ ನೀನು ಒಂದು ದಿನ ಕ್ಷಮಿಸಿಯೇಬಿಡುತ್ತೀಯೇನೋ. ಇನ್ನೂ ಒಂದಿದೆ. ಪರದೆ ನೋಡುತ್ತ ಕೂತಾಗ ನನ್ನ ಮನಸ್ಸಿಗೆ ಬಂದದ್ದು, ಇವಳಿಗೇನು, ತೋಟ ಇದೆ, ಇಲ್ಲಿ ಆಗದಿದ್ದರೆ ಅಲ್ಲಿ ಹೋಗಿ ಕೂರುತ್ತಾಳೆ, ನನಗೆ ಇದೊಂದೇ. ನಿನ್ನ ಬದುಕು ನನ್ನದಕ್ಕಿಂತ ಕಮ್ಮಿ ಬೆಲೆಯದ್ದು ಎಂದು ಆ ಮಧ್ಯಾಹ್ನ ತೀರ್ಮಾನ ಮಾಡಿಬಿಟ್ಟೆ. ಹಾಸ್ಟೆಲಿನಲ್ಲಿ ಜ್ವರ ಬಂದಾಗ ಮೂರು ದಿನ ನನ್ನ ಪಕ್ಕ ಕೂತವಳು ನೀನು. ಅದೂ ನೆನಪಿಗೆ ಬಂತು, ಆದರೂ ಅಳಿಸಿದೆ.

ಇದನ್ನು ಅಬ್ಬಾನಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ನಾಚಿಕೆಯಾಗುತ್ತಿದೆ ರೂಪಾ, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿದೆ.

ಬುಷ್ರಾ


ಮಲ್ಲಂದೂರು
೯ ಏಪ್ರಿಲ್ ೨೦೨೫

ಬುಷ್ರಾ,

ಓದಿದೆ. ಒಡೆದ ಅಲೆ ಎಂದ ಸಾಲಿಗೇ ಕಾಗದ ಕೆಳಗಿಟ್ಟು ತೋಟದ ಮೇಲಿನ ಕಟ್ಟೆಯವರೆಗೆ ನಡೆದುಕೊಂಡು ಹೋದೆ. ಹೂಮಳೆ ಬಂದು ಒಂದು ವಾರವಾಗಿತ್ತು, ಗಿಡವೆಲ್ಲ ಬೆಳ್ಳಗೆ ಅರಳಿ ನಿಂತಿತ್ತು, ತೋಟದ ತುಂಬ ಅದರ ವಾಸನೆ. ಇನ್ನು ಮೇಲೆ ಕಾಫಿ ಹೂ ಅಂದರೆ ನಿನ್ನ ಕಾಗದವೇ ನೆನಪಾಗುತ್ತದೆ. ಅದನ್ನೂ ಹಾಳುಮಾಡಿದೆ ನೀನು.

ತೋಟ ಇದೆ ಅಂದೆಯಲ್ಲ, ಯಾರ ತೋಟ? ಇದು ನಾಗೇಶ ಮಾವನದು. ಅಪ್ಪ ತೀರಿಕೊಂಡ ಮೇಲೆ ನಮ್ಮ ಪಾಲಿಗಿರುವುದು ರಸ್ತೆ ಪಕ್ಕದ ಎರಡೆಕರೆ. ನಾನಿಲ್ಲಿ ಮಾವನ ಕೈಕೆಳಗೆ ಸಂಬಳದವಳು. ಹತ್ತು ವರ್ಷ ಸ್ನೇಹಿತೆಯಾಗಿದ್ದವಳು ನೀನು, ಇಷ್ಟೂ ತಿಳಿದುಕೊಳ್ಳದೆ ನನ್ನನ್ನು ಸಾಹುಕಾರರ ಮನೆಯವಳು ಮಾಡಿಬಿಟ್ಟೆ. ಅದು ನಿನಗೆ ಅನುಕೂಲವಾಗಿತ್ತು.

ಕಳೆದುಹೋದದ್ದು ಡಿಗ್ರಿ ಎಂದುಕೊಂಡಿದ್ದೀಯ. ಹೇಳುತ್ತೇನೆ ಕೇಳು. ಪಲ್ಪ್ ಮಾಡಿ ತೊಳೆದ ಬೀಜ, ಪಾರ್ಚ್‌ಮೆಂಟ್ ಅನ್ನುತ್ತೇವೆ, ಕಣದಲ್ಲಿ ಒಣಗುತ್ತದಲ್ಲ, ಸಾಕಾಯಿತೋ ಇಲ್ಲವೋ ಎಂದು ಒಂದು ಬೀಜ ಹಲ್ಲಲ್ಲಿ ಕಚ್ಚಿ ನೋಡುವುದು ಇಲ್ಲಿಯ ಪದ್ಧತಿ. ತೇವ ಅಳೆಯುವ ಮೀಟರ್ ಇದ್ದರೂ ಎಲ್ಲರೂ ನಂಬುವುದು ಹಲ್ಲನ್ನೇ. ನನಗೆ ಕಚ್ಚಿದ ಕೂಡಲೇ ಗೊತ್ತಾಗುತ್ತದೆ. ಆದರೂ ಮೂರು ಹಂಗಾಮಿನಿಂದ ಒಂದೇ ಒಂದು ಸಲವೂ ಚೀಲ ತುಂಬಿ ಎಂದು ನಾನಾಗಿ ಹೇಳಿಲ್ಲ. ಜವರಮ್ಮ ಎಂಬ ಹಳೇ ಆಳನ್ನು ಕರೆದು ಕಚ್ಚಿಸುತ್ತೇನೆ. 'ನಿಮ್ಗೇ ಗೊತ್ತಾಗ್ತದಲ್ಲ ಅಮ್ಮ, ನನ್ನೆಂತಕ್ಕೆ ಕರೀತೀರಿ?' ಎನ್ನುತ್ತಾಳೆ. ಏನು ಹೇಳಲಿ? ಕಣ್ಣಾರೆ ಕಂಡದ್ದನ್ನು ಕಂಡೆ ಎಂದು ಹೇಳಿ ಒಮ್ಮೆ ನಗೆಪಾಟಲಾದವಳು ನಾನು. ನಿಜವಾಗಿ ನನ್ನ ಲೆಕ್ಕವೇ ಮುರಿದಿದೆ ಎಂದು ನಂಬಿಕೊಂಡು ಬದುಕಿದೆ ಬುಷ್ರಾ. ನೀನು ಒಂದು ಮಾತು ಹೇಳಿದ್ದರೆ, ಮೀಟಿಂಗಿನಲ್ಲಿ ಬೇಡ, ಹಾಸ್ಟೆಲಿನ ಕೋಣೆಯಲ್ಲಿ ಗುಟ್ಟಾಗಿ ಹೇಳಿದ್ದರೂ, ಬಿಟ್ಟು ಬರುತ್ತಿದ್ದೆ, ಆದರೆ ಹೀಗೆ ಬರುತ್ತಿರಲಿಲ್ಲ.

ಹೋದ ವಾರ ಹಳೆಯ ಲ್ಯಾಪ್‌ಟಾಪ್ ತೆಗೆದೆ. ಪ್ರೋಗ್ರಾಮ್ ಇನ್ನೂ ಇದೆ. ಕುಯ್ಲು ಮುಗಿದಿದೆ, ಮಧ್ಯಾಹ್ನ ಪುರುಸೊತ್ತು. ಅಲೆ ಯಾವ ವೇಗಕ್ಕೆ ಒಡೆಯುತ್ತದೆ, ಲೇಸರ್ ಬಲ ಹೆಚ್ಚಿಸಿದರೆ ಆ ಮಿತಿ ಹೇಗೆ ಸರಿಯುತ್ತದೆ ಎಂದು ಪೂರ್ತಿ ಲೆಕ್ಕ ಮಾಡಿ, ಸಂಸ್ಥೆಯ ಸಂಶೋಧನಾ ಸಮಿತಿಯ ಅಧ್ಯಕ್ಷರಿಗೆ ಕಳಿಸಿದ್ದೇನೆ. ನಿನ್ನ ಬಗ್ಗೆ ಒಂದಕ್ಷರ ಬರೆದಿಲ್ಲ. ಅದು ನಾನು ಬರೆಯುವ ಮಾತಲ್ಲ.

ನೀನು ಬರೆಯುವುದಾದರೆ ತಪ್ಪಾಯಿತು ಅಂತ ಬರೆಯಬೇಡ. ತಪ್ಪು ಯಾರಿಂದಲೂ ಆಗುತ್ತದೆ. ಗೊತ್ತಿತ್ತು ಅಂತ ಬರಿ.

ರೂಪಶ್ರೀ


ಬಣಕಲ್
೩೦ ಮೇ ೨೦೨೫

ರೂಪಾ,

ಬರೆದೆ.

ಮೊದಲು ಸರ್ ಹತ್ತಿರ ಹೋದೆ. ಕೂರಿಸಿ ಟೀ ತರಿಸಿದರು. ಪೂರ್ತಿ ಕೇಳಿಸಿಕೊಂಡರು. 'ತಿದ್ದುಪಡಿ ಹೇಗೂ ಬರುತ್ತೆ. ಇದನ್ನ ಬಾಯಿ ಬಿಟ್ಟು ಹೇಳಲೇಬೇಕಾ ಬುಷ್ರಾ?' ಎಂದರು. ಅಂದು ನಕ್ಕವರಲ್ಲಿ ಮೊದಲಿಗರು ಅವರೇ ಎಂಬುದು ಅವರಿಗೂ ನೆನಪಿರುವಂತಿತ್ತು. ಆಮೇಲೆ, ನಾನು ಆ ಹುಡುಗಿಯ ಚಿತ್ರವನ್ನು ಸರಿಯಾಗಿ ನೋಡಲೇ ಇಲ್ಲ ಎಂದು ಮೇಜಿನ ಕಡೆ ಮುಖ ಮಾಡಿ ಹೇಳಿದರು. ಅವರನ್ನು ಬಯ್ಯುವ ಯೋಗ್ಯತೆ ನನಗಿಲ್ಲ. ಅವರು ನೋಡಲಿಲ್ಲ, ನಾನು ನೋಡಿದ್ದೆ.

ಸಮಿತಿಗೆ ಕೊಟ್ಟ ಕಾಗದ ಹನ್ನೊಂದು ಸಾಲಿನದು. '೨೦೨೨ರ ಮಾರ್ಚ್ ೧೩ರಂದು ರೂಪಶ್ರೀ ಅವರ ಪ್ರೋಗ್ರಾಮನ್ನು ನಾನೇ ಓಡಿಸಿ ಅವರ ಫಲಿತಾಂಶ ಸರಿಯೆಂದು ಕಂಡುಕೊಂಡೆ. ಅದನ್ನು ಅಳಿಸಿ, ಮರುದಿನ ಗೊತ್ತಿದ್ದೂ ಸುಮ್ಮನಿದ್ದೆ' ಎಂದು ಬರೆದೆ. ಐದು ಜನರೆದುರು ಓದಿ ಹೇಳು ಎಂದರು. ಓದಿದೆ. ಪೇಪರನ್ನು ಹಿಂತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. ನಿನ್ನ ಲೆಕ್ಕ ನಿನ್ನೊಬ್ಬಳ ಹೆಸರಿನಲ್ಲಿ ಪ್ರಕಟವಾಗಬೇಕೆಂದೂ ಆಯಿತು.

ಊರಿಗೆ ಬಂದು ಅಬ್ಬಾನಿಗೆ ಹೇಳಿದೆ. ಅವರು ಯಾರದೋ ಜೀಪಿನ ಬಾನೆಟ್ ತೆಗೆದು ಬಗ್ಗಿದ್ದರು. ಎದ್ದು ನಿಂತು ಕೈ ಒರೆಸಿಕೊಂಡರು. 'ಬ್ರೇಕ್ ಹಿಡಿಯಲ್ಲ ಅಂತ ಗೊತ್ತಿದ್ದೂ ಗಾಡಿ ಕೊಟ್ಟೆ ನೀನು' ಎಂದರು. ಅಷ್ಟೇ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರು ವಾರದಿಂದ ಊಟಕ್ಕೆ ಬಾ ಎಂದು ಕರೆಯುವುದೂ ಅಮ್ಮಿಯೇ.

ಇನ್ನು ಒಂದು ವಿಷಯ. ಸಮಿತಿ ನನ್ನನ್ನು ಹೊರಹಾಕಿಲ್ಲ. ಥೀಸಿಸಿನ ಮೂರನೇ ಅಧ್ಯಾಯವನ್ನು ಕಿತ್ತು, ನಿನ್ನ ವೇಗದ ಮಿತಿಯನ್ನು ಆಧಾರವಾಗಿಟ್ಟುಕೊಂಡು ಹೊಸದಾಗಿ ಬರೆದರೆ ಈ ವರ್ಷವೇ ಕೊಡಬಹುದು ಎಂದಿದ್ದಾರೆ. ಆದರೆ ಅದಕ್ಕೆ ನಿನ್ನ ಅಭ್ಯಂತರ ಇರಬಾರದು. ಅದಿಲ್ಲದಿದ್ದರೆ ಬೇರೆ ವಿಷಯ ಹಿಡಿದು ಮೊದಲಿನಿಂದ ಮಾಡಬೇಕು, ಒಂದೂವರೆ ವರ್ಷವಾದರೂ ಬೇಕು, ಅಷ್ಟು ದಿನ ಫೆಲೋಶಿಪ್ ಇರುವುದಿಲ್ಲ. ಅವರು ನಿನಗೆ ಬರೆಯುತ್ತಾರೆ. ನಾನು ನಿನ್ನಿಂದ ಏನೂ ಕೇಳುವುದಿಲ್ಲ ಎಂದು ಬರೆಯಬೇಕೆಂದಿದ್ದೆ. ಅದೂ ಸುಳ್ಳಾಗುತ್ತದೆ. ಕೇಳುತ್ತಿದ್ದೇನೆ. ಇಷ್ಟರ ಮೇಲೂ ಕೇಳುತ್ತಿದ್ದೇನೆ.

ಬುಷ್ರಾ


ಮಲ್ಲಂದೂರು
೨೧ ಜುಲೈ ೨೦೨೫

ಬುಷ್ರಾ,

ಸಮಿತಿಯವರ ಕಾಗದ ಬಂದು ಹದಿನೈದು ದಿನವಾಯಿತು. ಗಾಳಿಗೆ ಮರ ಬಿದ್ದು ನಾಲ್ಕು ದಿನ ಕರೆಂಟಿರಲಿಲ್ಲ, ಒಂದು ನೆಪ ಸಿಕ್ಕಿತು. ಅದರಲ್ಲಿ ಎರಡು ಪ್ರಶ್ನೆ ಇದ್ದವು. ಬೇರೆ ಗೈಡ್ ಕೈಕೆಳಗೆ ಮತ್ತೆ ಸೇರಲು ಒಪ್ಪಿಗೆ ಇದೆಯೇ ಎಂಬುದು ಒಂದು. ಇದೆ ಎಂದು ಅಮ್ಮನೇ ಪಕ್ಕದಲ್ಲಿ ನಿಂತು ಬರೆಸಿದಳು. ಆಗಸ್ಟ್ ಕೊನೆಗೆ ಹೋಗುತ್ತೇನೆ. ನಾಗೇಶ ಮಾವ ಮುಖ ಊದಿಸಿಕೊಂಡಿದ್ದಾರೆ, ಊದಿಸಿಕೊಳ್ಳಲಿ.

ಎರಡನೆಯದು ನಿನ್ನ ವಿಷಯ.

ಮೊದಲು ಅಭ್ಯಂತರವಿಲ್ಲ ಎಂದು ಬರೆದೆ. ನೀನು ಐದು ಜನರೆದುರು ಓದಿದ್ದು ಸಣ್ಣ ಕೆಲಸವಲ್ಲ. ನಿನ್ನ ಅಬ್ಬಾನನ್ನೂ ನೆನೆದೆ. ಜೂನ್‌ನಲ್ಲಿ ಪಂಪ್‌ಸೆಟ್ ನೋಡಲು ಬಂದಿದ್ದರು. ಕೆಲಸ ಮುಗಿಸಿ ಹೋಗುವಾಗ ನನ್ನೆದುರು ನಿಂತು, ತಲೆ ತಗ್ಗಿಸಿ, ಜೀಪು ಹತ್ತಿ ಕೂತರು. ಅವರು ತಲೆ ತಗ್ಗಿಸುವ ಕೆಲಸ ಏನು ಮಾಡಿದ್ದಾರೆ? ಅವತ್ತು ನಿನ್ನ ಮೇಲೆ ಬಂದಷ್ಟು ಸಿಟ್ಟು ಮತ್ತೆ ಯಾವತ್ತೂ ಬಂದಿಲ್ಲ. ಅದೇ ಹೊತ್ತಿಗೆ ನಿನ್ನನ್ನು ನೋಡಬೇಕೆಂದೂ ಅನ್ನಿಸಿತು. ನೀನು ಇಲ್ಲದ ಮೂರು ವರ್ಷದಲ್ಲಿ ಬೇರೆ ಯಾರ ಹತ್ತಿರವೂ ನಾನು ಒಂದು ಲೆಕ್ಕದ ಬಗ್ಗೆ ಮಾತಾಡಿಲ್ಲ.

ಆ ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿ ಮೂರು ದಿನ ಕಪಾಟಿನ ಮೇಲಿಟ್ಟೆ. ನೋಡಿದಾಗಲೆಲ್ಲ ನಾನು ಒಳ್ಳೆಯವಳಾಗಿ ಕಾಣಿಸಿಕೊಳ್ಳಲು ಬರೆದ ಹಾಗಿತ್ತು. ನಾಲ್ಕನೇ ದಿನ ಒಡೆದು ಬೇರೆ ಬರೆದೆ.

ನನಗೆ ಅಭ್ಯಂತರ ಇದೆ. ಆ ವೇಗದ ಮಿತಿ ನಾನು ಒಬ್ಬಳೇ ಕಂಡದ್ದು, ಒಬ್ಬಳೇ ನಂಬಿದ್ದು, ಅದಕ್ಕಾಗಿ ಒಬ್ಬಳೇ ಎದ್ದು ಬಂದದ್ದು. ಅದರ ಮೇಲೆ ನಿನ್ನ ಥೀಸಿಸ್ ನಿಲ್ಲುವುದು ನನಗೆ ಬೇಡ. ನಿನಗೆ ಒಂದೂವರೆ ವರ್ಷ ಹೋಗುತ್ತದೆ, ಫೆಲೋಶಿಪ್ ಹೋಗುತ್ತದೆ, ಮನೆಯಲ್ಲಿ ಏನಾಗುತ್ತದೆ ಎಂಬುದೂ ನನಗೆ ಗೊತ್ತು. ಎಲ್ಲ ಗೊತ್ತಿದ್ದೇ ಬರೆದಿದ್ದೇನೆ. ನೀನು ಕೆಲಸ ಬಿಡಬೇಕೆಂದು ನನ್ನ ಆಸೆಯಲ್ಲ. ಬೇರೆ ಏನಾದರೂ ಹಿಡಿ, ನಿನಗೆ ಆಗುತ್ತದೆ.

ಸಮಿತಿಗೆ ಬರೆದ ಕಾಗದ ಇನ್ನೂ ಕಳಿಸಿಲ್ಲ. ಇದನ್ನು ಮೊದಲು ಸ್ಪೀಡ್ ಪೋಸ್ಟ್ ಮಾಡಲು ಇವತ್ತು ಚಿಕ್ಕಮಗಳೂರಿಗೆ ಹೋಗುತ್ತಿದ್ದೇನೆ. ಅದನ್ನು ಗುರುವಾರ ಹಾಕುತ್ತೇನೆ, ಅಷ್ಟರಲ್ಲಿ ನಿನಗೆ ಇದು ಸಿಕ್ಕಿರುತ್ತದೆ. ನಿನ್ನ ವಿರುದ್ಧ ನಾನು ಏನು ಹೇಳಿದೆ ಎಂಬುದನ್ನು ತುಂಬಿದ ಕೋಣೆಯಲ್ಲಿ ಕೂತು ನೀನು ತಿಳಿಯಬಾರದು. ಮೊದಲು ನನ್ನಿಂದಲೇ ತಿಳಿಯಬೇಕು.

ರೂಪಾ